ಎಮ್ಮೆಲ್ಲೆ ಹತ್ರ ಮನೆ, ಶಾಲೆ, ಸಮುದಾಯ ಭವನದ ಕೆಲಸ ಮಾಡಿಸ್ಕೊಳ್ಳೋದು ಹೇಗೆ

ಮೊದ್ಲು ದುಡ್ಡಿನ ಲೆಕ್ಕ ನೋಡ್ಬಿಡೋಣ. "ನಮ್ಮ ಎಮ್ಮೆಲ್ಲೆ ಏನೂ ಮಾಡಲ್ಲ" ಅಂತ ಬೈಯೋರಾಗ್ಲಿ "ಸಾಹೇಬ್ರು ಮನಸ್ಸು ಮಾಡಿದ್ರೆ ಏನ್ ಬೇಕಾದ್ರೂ ಆಗುತ್ತೆ" ಅಂತ ಹೊಗಳೋರಾಗ್ಲಿ ಈ ಲೆಕ್ಕ ಯಾವತ್ತೂ ಹಾಕಿರಲ್ಲ. ಕರ್ನಾಟಕದಲ್ಲಿ ಒಬ್ಬ ಶಾಸಕರಿಗೆ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೇಲಿ, ಅಂದ್ರೆ ನಾವೆಲ್ಲ ಶಾಸಕರ ನಿಧಿ ಅಂತೀವಲ್ಲ ಅದ್ರಲ್ಲಿ, ವರ್ಷಕ್ಕೆ ಇರೋದು 2 ಕೋಟಿ. ಹಳ್ಳಿ ಕಡೆ ಕ್ಷೇತ್ರ, ಇನ್ನೂರು ಹಳ್ಳಿ ಇದಾವೆ ಅಂದ್ಕೊಳ್ಳಿ, ಸಮ ಹಂಚಿದ್ರೆ ಊರಿಗೆ ವರ್ಷಕ್ಕೆ 1 ಲಕ್ಷ. ಈಗಿನ ರೇಟಲ್ಲಿ ಒಂದೇ ಒಂದು ಶಾಲೆ ಕೊಠಡಿ ಕಟ್ಟಕ್ಕೇ ಹತ್ತು ಲಕ್ಷ ದಾಟುತ್ತೆ. ಇನ್ನೊಂದು ವಿಷ್ಯ, ಆ 2 ಕೋಟಿ ಎಮ್ಮೆಲ್ಲೆ ಅಕೌಂಟಿಗೆ ಬರಲ್ಲ, ಡಿಸಿ ಹತ್ರ ಇರುತ್ತೆ, ಅದೂ ಕಂತಲ್ಲಿ ರಿಲೀಸ್ ಆಗುತ್ತೆ. ಶಾಸಕರು ಮಾಡೋದು ಶಿಫಾರಸು. ಆಡಳಿತ ಮಂಜೂರಾತಿ ಕೊಡೋದು ಡಿಸಿ, ಕೆಲಸ ಮಾಡಿಸೋದು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ, ಪಿಡಬ್ಲ್ಯುಡಿ, ನಿರ್ಮಿತಿ ಕೇಂದ್ರ, ಕೆಆರ್‌ಐಡಿಎಲ್ ತರದ ಸರ್ಕಾರಿ ಕಾಮಗಾರಿ ಏಜೆನ್ಸಿಗಳು.

ಹಂಗಂತ ಎಮ್ಮೆಲ್ಲೆ ಹತ್ರ ಹೋಗೋದೇ ವೇಸ್ಟ್ ಅಲ್ಲ, ಅವ್ರ ನಿಜವಾದ ಪವರ್ ಇರೋದೇ ಬೇರೆ ಕಡೆ. ಒಂದು, ಅವ್ರು ಕೂತ್ಕೊಳ್ಳೋ ಕಮಿಟಿಗಳು. ತಾಲ್ಲೂಕು ಕೆಡಿಪಿ ಸಭೆ (ಎಲ್ಲಾ ಇಲಾಖೆ ಕೆಲಸದ ಪ್ರಗತಿ ನೋಡೋ ಸಭೆ), ಪಟ್ಟಣದಲ್ಲಿ ಬಡವ್ರಿಗೆ ಮನೆ, ಸೈಟ್ ಹಂಚೋ ಆಶ್ರಯ ಸಮಿತಿ, ಸಾಗುವಳಿ ಮಾಡ್ತಿರೋ ಸರ್ಕಾರಿ ಜಮೀನನ್ನ ಸಕ್ರಮ ಮಾಡೋ ಬಗರ್‌ಹುಕುಂ ಸಮಿತಿ, ಪಿಯು ಮತ್ತು ಡಿಗ್ರಿ ಕಾಲೇಜಿನ ಅಭಿವೃದ್ಧಿ ಸಮಿತಿ, ಎಲ್ಲದ್ರಲ್ಲೂ ಅಧ್ಯಕ್ಷರ ಕುರ್ಚಿ ಅವ್ರದ್ದೇ. ಎರಡು, ಇಲಾಖೆಗಳ ದೊಡ್ಡ ದೊಡ್ಡ ಸ್ಕೀಮಲ್ಲಿ ಯಾವ ಊರಿಗೆ ಏನು ಅಂತ ಪಟ್ಟಿ ಆಗ್ತಿರುತ್ತಲ್ಲ, ಅಲ್ಲಿ ಅವ್ರ ಮಾತು ನಡೆಯುತ್ತೆ. ಮೂರು, ಸದನದಲ್ಲಿ ಪ್ರಶ್ನೆ ಕೇಳೋ ಹಕ್ಕು, ಇದನ್ನ ನಮ್ಮ ಜನ ಉಪಯೋಗಿಸೋದೇ ಇಲ್ಲ. ನಿಮ್ಮ ಕೆಲಸ ಈ ಮೂರ್ರಲ್ಲಿ ಯಾವುದ್ರಲ್ಲಿ ಬರುತ್ತೆ ಅಂತ ಗೊತ್ತಿಲ್ದೇ ಹೋದ್ರೆ ಕಾಫಿ ಕುಡ್ಕೊಂಡು "ಆಯ್ತು ಮಾಡೋಣ" ಕೇಳ್ಕೊಂಡು ವಾಪಸ್ ಬರ್ತೀರಿ.

ಇನ್ನೊಂದು ಕಾರಣಕ್ಕೂ ಈಗ ಎಲ್ಲಾ ಭಾರ ಎಮ್ಮೆಲ್ಲೆ ತಲೆ ಮೇಲೆ ಬಿದ್ದಿದೆ. ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿಗೆ 2016ರಲ್ಲಿ ಚುನಾವಣೆ ಆಗಿದ್ದು, 2021ಕ್ಕೆ ಅವಧಿ ಮುಗೀತು, ಆಮೇಲೆ ವರ್ಷಗಟ್ಲೆ ಚುನಾವಣೆ ಮಾಡ್ಲೇ ಇಲ್ಲ. ಮುಂಚೆ ಶಾಲೆ ಕಾಂಪೌಂಡು, ಅಂಗನವಾಡಿ ಛಾವಣಿ ಅಂದ್ರೆ ಜಿ.ಪಂ. ಮೆಂಬರ್ ಮನೆಗೆ ಹೋಗ್ತಿದ್ರು, ಈಗ ಅವ್ರೇ ಇಲ್ಲ, ಎಲ್ರೂ ಸೀದಾ ಎಮ್ಮೆಲ್ಲೆ ಮನೆಗೇ. ಬೆಳಗ್ಗೆ ಎಂಟಕ್ಕೆ ಗೇಟ್ ಮುಂದೆ ನಿಂತಿರೋ ಗುಂಪಲ್ಲಿ ಮದುವೆ ಕಾರ್ಡ್ ಕೊಡೋರು, ಟ್ರಾನ್ಸ್‌ಫರ್ ಕೇಳೋರು, ಆಸ್ಪತ್ರೆ ಬಿಲ್ಲಿಗೆ ಬಂದೋರು, ಸ್ಟೇಷನ್ನಲ್ಲಿ ಹುಡುಗನ್ನ ಬಿಡಿಸೋಕೆ ಬಂದೋರು, ಅವ್ರೆಲ್ಲರ ಮಧ್ಯೆ ನೀವು. ನಿಮಗೆ ಸಿಗೋದು ಜಾಸ್ತಿ ಅಂದ್ರೆ ಎರಡು ನಿಮಿಷ.

ಮನವಿ ಬರೆಯೋದು

ಆ ಎರಡು ನಿಮಿಷದಲ್ಲಿ ಕೆಲಸ ಮಾಡೋದು ನಿಮ್ಮ ಮಾತಲ್ಲ, ಕೈಯಲ್ಲಿರೋ ಹಾಳೆ. ಸಾಮಾನ್ಯವಾಗಿ ಜನ ಬರೆಯೋದು ಹಿಂಗೆ, "ನಮ್ಮ ಊರಿನ ಶಾಲೆ ತುಂಬಾ ಹಳೆಯದಾಗಿದ್ದು ಮಕ್ಕಳಿಗೆ ತೊಂದರೆಯಾಗುತ್ತಿದೆ, ದಯಮಾಡಿ ಅಭಿವೃದ್ಧಿಪಡಿಸಿಕೊಡಬೇಕಾಗಿ ವಿನಂತಿ." ಕೆಳಗೆ ನಲವತ್ತು ಸಹಿ. ಇದನ್ನ ನೋಡಿ ಎಮ್ಮೆಲ್ಲೆ ಮೂಲೇಲಿ ಹಸಿರು ಇಂಕಲ್ಲಿ "ಬಿಇಒ, ನಿಯಮಾನುಸಾರ ಪರಿಶೀಲಿಸಿ ಕ್ರಮ ವಹಿಸಿ" ಅಂತ ಗೀಚಿ ಕೊಡ್ತಾರೆ, ನೀವು ಖುಷಿಯಾಗಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗ್ತೀರಿ, ಅಲ್ಲಿ ಗುಮಾಸ್ತರು ತಗೊಂಡು ಇನ್‌ವರ್ಡ್ ಮಾಡಿ ಫೈಲಿಗೆ ಹಾಕ್ತಾರೆ, ಕಥೆ ಮುಗೀತು. "ನಿಯಮಾನುಸಾರ" ಅಂತ ಬರೆದ್ರೆ ಆಫೀಸ್ ಭಾಷೇಲಿ ಅರ್ಜೆಂಟ್ ಏನಿಲ್ಲ ಅಂತ ಅರ್ಥ, ಇದು ಆಫೀಸಲ್ಲಿ ಕೆಲಸ ಮಾಡೋ ಎಲ್ರಿಗೂ ಗೊತ್ತು, ಗೊತ್ತಿಲ್ದೇ ಇರೋದು ನಮಗೆ ಮಾತ್ರ.

ಹಿಂಗೆ ಬರೀರಿ:

"ವಿಷಯ: ನಮ್ಮ ಗ್ರಾಮದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ 2 ಶಿಥಿಲ ಕೊಠಡಿಗಳ ಬದಲು ಹೊಸ ಕೊಠಡಿಗಳಿಗೆ ಅನುದಾನ ಶಿಫಾರಸು ಮಾಡುವ ಬಗ್ಗೆ. ಶಾಲೆಯ ಯು-ಡೈಸ್ ಸಂಖ್ಯೆ ಇಂಥದ್ದು. ಈಗಿನ ದಾಖಲಾತಿ 86. ಒಟ್ಟು ಕೊಠಡಿ 5, ಅದರಲ್ಲಿ 2 ಬಳಕೆಗೆ ಯೋಗ್ಯವಲ್ಲ ಎಂದು ಇಂಜಿನಿಯರ್ ವರದಿ ಇದೆ. ಜಾಗ ಶಾಲೆಯ ಹೆಸರಿನಲ್ಲಿದೆ, ಪಹಣಿ ಲಗತ್ತಿಸಿದೆ. ಎಸ್‌ಡಿಎಂಸಿ ಸಭೆಯ ನಿರ್ಣಯ ಲಗತ್ತಿಸಿದೆ. ಅಂದಾಜು ಪಟ್ಟಿ ಲಗತ್ತಿಸಿದೆ."

ಅಷ್ಟೇ, ಒಂದೇ ಪುಟ. (ಯು-ಡೈಸ್ ಅಂದ್ರೆ ಪ್ರತಿ ಶಾಲೆಗೂ ಸರ್ಕಾರ ಕೊಟ್ಟಿರೋ ಗುರುತಿನ ಸಂಖ್ಯೆ, ಎಸ್‌ಡಿಎಂಸಿ ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ.) ಜೊತೆಗೆ ಫೋಟೋ ಎರಡು, ಬಿರುಕು ಬಿಟ್ಟ ಗೋಡೆ ಹತ್ತಿರದಿಂದ ಒಂದು, ಶಾಲೆ ಪೂರ್ತಿ ಕಾಣೋ ಹಂಗೆ ಒಂದು. ಇದ್ರಲ್ಲಿ ಎಲ್ಲಕ್ಕಿಂತ ತೂಕ ಇರೋದು ಅಂದಾಜು ಪಟ್ಟಿಗೆ, ಅಂದ್ರೆ ಎಸ್ಟಿಮೇಟು. ಅದಿಲ್ಲದೇ ಹೋದ್ರೆ ಎಮ್ಮೆಲ್ಲೆ ಮನಸ್ಸು ಮಾಡಿದ್ರೂ ಎಷ್ಟು ಲಕ್ಷ ಅಂತ ಬರೆಯೋದು? ಪಂಚಾಯತ್ ರಾಜ್ ಇಂಜಿನಿಯರಿಂಗ್ ಸಬ್‌ಡಿವಿಜನ್ನಿನ ಜೂನಿಯರ್ ಇಂಜಿನಿಯರ್, ಅಂದ್ರೆ ಜೆಇನ, ಮೊದ್ಲೇ ಶಾಲೆಗೆ ಕರ್ಕೊಂಡು ಬಂದು ಅಳತೆ ಮಾಡಿಸಿ. ಜೆಇ ಬರಕ್ಕೆ ಸತಾಯಿಸ್ತಾರೆ, ಅದಕ್ಕೆ ಬೇಕಾದ್ರೆ ಎಮ್ಮೆಲ್ಲೆ ಪಿಎ ಕೈಲಿ ಒಂದು ಫೋನ್ ಮಾಡಿಸಿ, ಆ ಫೋನು ಹಸಿರು ಇಂಕಿಗಿಂತ ಜಾಸ್ತಿ ಕೆಲಸ ಮಾಡುತ್ತೆ.

ಎಮ್ಮೆಲ್ಲೆ ಒಪ್ಪಿದ್ರೆ ಮೂಲೇಲಿ ಷರಾ ಬರೆಸ್ಕೊಂಡು ಓಡಿ ಬರ್ಬೇಡಿ. ಲೆಟರ್‌ಹೆಡ್ಡಲ್ಲಿ, ಪತ್ರ ಸಂಖ್ಯೆ, ತಾರೀಖು ಹಾಕಿ, ಡಿಸಿ ಹೆಸರಿಗೆ, ಯಾವ ಯೋಜನೇಲಿ, ಎಷ್ಟು ಮೊತ್ತ, ಯಾವ ಏಜೆನ್ಸಿ ಅಂತ ಬರೆದ ಶಿಫಾರಸು ಪತ್ರ ಬೇಕು ಅಂತ ಕೇಳಿ. ಕಾಪಿ ಇಟ್ಕೊಳ್ಳಿ. ಪಿಎನ ಅಣ್ಣಾ ಅಂತ ಕರೆದು ಸ್ನೇಹ ಇಟ್ಕೊಳ್ಳೋದ್ರಲ್ಲಿ ತಪ್ಪೇನಿಲ್ಲ, ಯಾವ ಪತ್ರ ಯಾವಾಗ ಡಿಸಿ ಆಫೀಸಿಗೆ ಹೋಯ್ತು ಅಂತ ಗೊತ್ತಿರೋ ಒಬ್ಬನೇ ಮನುಷ್ಯ ಅವ್ನು.

ಮನೆ ವಿಷ್ಯ

ಇಲ್ಲಿ ಜನ ಮಾಡೋ ದೊಡ್ಡ ಗೊಂದಲ ಏನಂದ್ರೆ ಸೈಟ್ ಇಲ್ದೋರು, ಸೈಟ್ ಇದ್ದು ಮನೆ ಇಲ್ದೋರು, ಸರ್ಕಾರಿ ಜಾಗದಲ್ಲಿ ಆಗ್ಲೇ ಮನೆ ಕಟ್ಕೊಂಡು ಹಕ್ಕುಪತ್ರ ಇಲ್ದೋರು, ಈ ಮೂರೂ ಜನ ಒಂದೇ ಸಾಲಲ್ಲಿ ನಿಂತು "ಸಾರ್ ನಮಗೊಂದು ಮನೆ" ಅಂತಾರೆ. ಮೂರಕ್ಕೂ ದಾರಿ ಬೇರೆ, ಆಫೀಸು ಬೇರೆ.

ಹಕ್ಕುಪತ್ರ ಇಲ್ದೋರದ್ದು ಕಂದಾಯ ಇಲಾಖೆ ಕೆಲಸ. ಭೂ ಕಂದಾಯ ಕಾಯ್ದೆ 94ಸಿ ಹಳ್ಳಿಗೆ, 94ಸಿಸಿ ಪಟ್ಟಣಕ್ಕೆ, ಅರ್ಜಿ ತಹಶೀಲ್ದಾರ್‌ಗೆ. ಇದನ್ನ ಬಗರ್‌ಹುಕುಂ ಜೊತೆ ಕಲಸ್ಬೇಡಿ, ಬಗರ್‌ಹುಕುಂ ಅಂದ್ರೆ ಸಾಗುವಳಿ ಜಮೀನು, ಫಾರಂ 50, 53, 57 ಹಾಕಿರ್ತಾರಲ್ಲ ಅದು, ಆ ಸಮಿತಿಗೆ ಎಮ್ಮೆಲ್ಲೆ ಅಧ್ಯಕ್ಷರು, ತಹಶೀಲ್ದಾರ್ ಕಾರ್ಯದರ್ಶಿ. 94ಸಿ ಫೈಲ್ ತಹಶೀಲ್ದಾರ್ ಟೇಬಲ್ ಮೇಲೆ ಕೂತಿದ್ರೆ ಎಮ್ಮೆಲ್ಲೆ ಕೆಡಿಪಿ ಸಭೇಲಿ "ನಮ್ಮ ತಾಲ್ಲೂಕಲ್ಲಿ ಎಷ್ಟು ಅರ್ಜಿ ಬಾಕಿ ಇದೆ, ಎಷ್ಟು ತಿರಸ್ಕಾರ ಆಗಿದೆ, ಯಾಕೆ" ಅಂತ ಕೇಳ್ಬೇಕು, ಅದನ್ನ ಕೇಳಿಸೋದು ನಿಮ್ಮ ಕೆಲಸ.

ಸೈಟ್ ಇಲ್ದೋರ ವಿಷ್ಯದಲ್ಲಿ ಎಮ್ಮೆಲ್ಲೆಯಿಂದ ನಿಜವಾಗ್ಲೂ ಏನಾದ್ರೂ ಆಗುತ್ತೆ ಅಂದ್ರೆ ಇಲ್ಲೇ. ಸರ್ಕಾರಿ ಜಮೀನು ಎಲ್ಲಿದೆ ಅಂತ ಹುಡುಕಿ, ಅದನ್ನ ಭೂ ಕಂದಾಯ ಕಾಯ್ದೆ ಸೆಕ್ಷನ್ 71ರಲ್ಲಿ ನಿವೇಶನಕ್ಕೆ ಅಂತ ಕಾಯ್ದಿರಿಸಿ, ಪಂಚಾಯ್ತಿಗೆ ಹಸ್ತಾಂತರ ಮಾಡಿಸಿ, ಲೇಔಟ್ ಮಾಡಿಸ್ಬೇಕು. ಇದಕ್ಕೆ ಗ್ರಾಮ ಆಡಳಿತಾಧಿಕಾರಿಯಿಂದ (ಮುಂಚೆ ಗ್ರಾಮ ಲೆಕ್ಕಿಗರು ಅಂತಿದ್ರಲ್ಲ) ಡಿಸಿವರೆಗೂ ಐದಾರು ಟೇಬಲ್ ದಾಟ್ಬೇಕು, ಮಧ್ಯದಲ್ಲಿ ಯಾರೋ ಒತ್ತುವರಿ ಮಾಡಿರ್ತಾರೆ, ಸರ್ವೇಯರ್ ಬರಲ್ಲ, ಬಂದ್ರೆ ಜಗಳ. ಒಬ್ಬ ಬಡವ ಇದನ್ನ ಮಾಡಿಸ್ಕೊಳ್ಳಕ್ಕೆ ಜನ್ಮದಲ್ಲಿ ಆಗಲ್ಲ. ಹಂಗಾಗಿ ಎಮ್ಮೆಲ್ಲೆ ಹತ್ರ "ನಮಗೆ ಸೈಟ್ ಕೊಡಿ" ಅನ್ನೋ ಬದ್ಲು, ಊರಲ್ಲಿ ಇಂಥ ಸರ್ವೆ ನಂಬರಲ್ಲಿ ಇಷ್ಟು ಎಕರೆ ಸರ್ಕಾರಿ ಜಾಗ ಇದೆ, ಪಹಣೀಲಿ ಹಿಂಗಿದೆ, ನಿವೇಶನ ರಹಿತರ ಪಟ್ಟಿ ಇದು, ಅಂತ ಇಟ್ಟು ಕೂತ್ರೆ ಮಾತು ಬೇರೆ ಥರ ಶುರುವಾಗುತ್ತೆ. ಪಹಣಿ ಆನ್‌ಲೈನಲ್ಲೇ ಸಿಗುತ್ತೆ, ಯಾರನ್ನೂ ಕೇಳ್ಬೇಕಾಗಿಲ್ಲ.

ಸೈಟ್ ಇದ್ದು ಮನೆ ಇಲ್ದೋರಿಗೆ ರಾಜೀವ್ ಗಾಂಧಿ ವಸತಿ ನಿಗಮದ ಸ್ಕೀಮುಗಳು. ಬಸವ ವಸತಿ ಯೋಜನೆ, ಎಸ್‌ಸಿ ಎಸ್‌ಟಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ ಯೋಜನೆ, ವಿಧವೆಯರು, ಅಂಗವಿಕಲರು ಹಿಂಗೆ ವಿಶೇಷ ವರ್ಗದವ್ರಿಗೆ ದೇವರಾಜ ಅರಸು ವಸತಿ ಯೋಜನೆ, ಪಟ್ಟಣಕ್ಕೆ ವಾಜಪೇಯಿ ನಗರ ವಸತಿ. ಸಹಾಯಧನ ಹಳ್ಳೀಲಿ ಸಾಮಾನ್ಯ ವರ್ಗಕ್ಕೆ 1.20 ಲಕ್ಷ, ಎಸ್‌ಸಿ ಎಸ್‌ಟಿಗೆ 1.75 ಲಕ್ಷ. ಈ ದುಡ್ಡಲ್ಲಿ ಈಗ ಪಾಯ ಮತ್ತು ಗೋಡೆ ಆಗ್ಬಹುದು, ಮನೆ ಆಗಲ್ಲ, ಉಳಿದಿದ್ದು ಸಾಲ. ಎಷ್ಟೋ ಮನೆಗಳು ಲಿಂಟಲ್ ಮಟ್ಟದಲ್ಲಿ ನಿಂತು ಒಳಗೆ ಲಾಂಟಾನ ಬೆಳೆದಿರೋದು ಇದಕ್ಕೇ, ಅದನ್ನ ನೋಡಿ ಫಲಾನುಭವಿ ಸೋಮಾರಿ ಅಂತ ಬೈಯೋ ಇಂಜಿನಿಯರ್‌ಗಳಿಗೆ ಸಿಮೆಂಟ್ ರೇಟ್ ಗೊತ್ತಿಲ್ವಾ ಅಂತ ನನಗೆ ಆಶ್ಚರ್ಯ.

ಆಯ್ಕೆ ಆಗ್ಬೇಕಾಗಿರೋದು ಗ್ರಾಮಸಭೇಲಿ. ಕಾನೂನು ಪ್ರಕಾರ ಆರು ತಿಂಗಳಿಗೆ ಒಂದಾದ್ರೂ ಗ್ರಾಮಸಭೆ ನಡೀಬೇಕು, ಅದಕ್ಕೆ ಮುಂಚೆ ವಾರ್ಡ್ ಸಭೆ. ವಾಸ್ತವದಲ್ಲಿ ಎಷ್ಟೋ ಕಡೆ ಪಟ್ಟಿ ಮೊದ್ಲೇ ಆಗಿರುತ್ತೆ, ಸಭೆ ಆಮೇಲೆ ಆಗುತ್ತೆ, ಪುಸ್ತಕ ಮನೆ ಮನೆಗೆ ಹೋಗಿ ಸಹಿ ಹಾಕಿಸ್ಕೊಂಡು ಬರುತ್ತೆ. 2025ರ ಜೂನಲ್ಲಿ ಆಡಳಿತ ಪಕ್ಷದ ಶಾಸಕರೊಬ್ರೇ ಮನೆ ಹಂಚಿಕೇಲಿ ದುಡ್ಡು ನಡೀತಿದೆ ಅಂತ ಮಾತಾಡಿದ ಆಡಿಯೋ ರಾಜ್ಯವೆಲ್ಲ ಸುದ್ದಿಯಾಯ್ತು, ಅದನ್ನ ಕೇಳಿ ಹಳ್ಳಿ ಜನ ಯಾರೂ ಆಶ್ಚರ್ಯಪಡ್ಲಿಲ್ಲ. ಅದಕ್ಕೇ ಹೇಳೋದು, ಗ್ರಾಮಸಭೆ ದಿನ ಅಲ್ಲಿ ಇರಿ. ನಿಮ್ಮ ಹೆಸರು ಓದಿದ್ರಾ, ನಡಾವಳಿ ಪುಸ್ತಕದಲ್ಲಿ ಬರೆದ್ರಾ ನೋಡಿ, ಮೊಬೈಲಲ್ಲಿ ಆ ಪುಟದ ಫೋಟೋ ತೆಗೀರಿ. ಪಿಡಿಒ ಬೇಡ ಅಂದ್ರೆ ಅಲ್ಲೇ ಎಲ್ಲರ ಮುಂದೆ ಕೇಳಿ, ಗ್ರಾಮಸಭೆ ನಡಾವಳಿ ಗುಟ್ಟಿನ ದಾಖಲೆ ಅಲ್ಲ.

ಎಮ್ಮೆಲ್ಲೆ ಪಾತ್ರ ಬರೋದು ಯಾವ ಪಂಚಾಯ್ತಿಗೆ ಎಷ್ಟು ಮನೆ ಗುರಿ ಅನ್ನೋದ್ರಲ್ಲಿ. "ನನ್ನ ಹೆಸರು ಸೇರಿಸಿ" ಅಂತ ಒಬ್ಬೊಬ್ರೇ ಹೋಗೋದ್ರಿಂದ ದಲ್ಲಾಳಿಗಳಿಗೆ ಲಾಭ ಅಷ್ಟೇ. "ನಮ್ಮ ಪಂಚಾಯ್ತೀಲಿ ವಸತಿ ರಹಿತರು ಇಷ್ಟು ಜನ, ಹೋದ ಸಲ ಬಂದ ಗುರಿ ಇಷ್ಟು, ಪಕ್ಕದ ಪಂಚಾಯ್ತಿಗೆ ಇಷ್ಟು" ಅಂತ ಹತ್ತು ಜನ ಒಟ್ಟಿಗೆ ಹೋಗಿ. ಪಟ್ಟಣದಲ್ಲಾದ್ರೆ ಆಶ್ರಯ ಸಮಿತಿ ಅಧ್ಯಕ್ಷರೇ ಎಮ್ಮೆಲ್ಲೆ ಆಗಿರೋದ್ರಿಂದ ಸೀದಾ ಕೇಳ್ಬಹುದು, ಕೊನೇ ಸಭೆ ಯಾವಾಗ ಆಯ್ತು ಅಂತ ಮೊದ್ಲು ಕೇಳಿ, ಎಷ್ಟೋ ಕಡೆ ವರ್ಷವಾದ್ರೂ ಸಭೇನೇ ಆಗಿರಲ್ಲ.

ಪ್ರಧಾನಮಂತ್ರಿ ಆವಾಸ್ ಗ್ರಾಮೀಣದ್ದು ಬೇರೆ. ಬಯಲು ಪ್ರದೇಶದಲ್ಲಿ 1.20 ಲಕ್ಷ, ಕೇಂದ್ರದ್ದು ಶೇ. 60, ರಾಜ್ಯದ್ದು ಶೇ. 40. ಅದಕ್ಕೆ ಸರ್ವೆ ಪಟ್ಟೀಲಿ ಹೆಸರು ಇರ್ಬೇಕು, ಆವಾಸ್ ಪ್ಲಸ್ ಸರ್ವೆ 2018ರಲ್ಲಿ ಒಂದಾಯ್ತು, 2024ರ ಪಟ್ಟಿಗೆ ಆಪಲ್ಲಿ ಮತ್ತೆ ಸರ್ವೆ ಮಾಡಿದ್ರು. ಹೆಸರಿಲ್ಲ ಅಂದ್ರೆ ಎಮ್ಮೆಲ್ಲೆ ಪತ್ರ ತಂದ್ರೂ ಸಿಸ್ಟಮ್ ತಗೊಳ್ಳಲ್ಲ, ಅಲ್ಲಿ ಟೈಮ್ ವೇಸ್ಟ್ ಮಾಡ್ಬೇಡಿ, ಮುಂದಿನ ಸರ್ವೆ ಯಾವಾಗ ಅಂತ ಪಿಡಿಒನ ಕೇಳ್ತಾ ಇರಿ.

ಮಂಜೂರಾದ ಮೇಲೆ ಎರಡು ಎಚ್ಚರ. ಕಾರ್ಯಾದೇಶ ಬರೋ ಮುಂಚೆ ಪಾಯ ಹಾಕ್ಬೇಡಿ, ಫೋಟೋ ಜಿಪಿಎಸ್‌ನಲ್ಲಿ ತೆಗೀತಾರೆ, ಖಾಲಿ ಸೈಟಿನ ಫೋಟೋ ಇಲ್ದಿದ್ರೆ ಹಳೇ ಮನೆ ಅಂತ ಬಿಲ್ಲು ನಿಲ್ಲುತ್ತೆ. ಆದೇಶ ಬಂದ ಮೇಲೆ ತಡ ಮಾಡಿದ್ರೂ ಕಷ್ಟ, ಟೈಮಿಗೆ ಶುರು ಮಾಡ್ದಿದ್ರೆ ಬ್ಲಾಕ್ ಮಾಡ್ತಾರೆ, ಅದನ್ನ ಬಿಡಿಸೋಕೆ ನಿಗಮದವರೆಗೂ ಪತ್ರ ಹೋಗ್ಬೇಕು. ದುಡ್ಡು ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಅಂತ ನಾಲ್ಕು ಹಂತದಲ್ಲಿ ಬ್ಯಾಂಕಿಗೇ ಬರುತ್ತೆ, ಆಧಾರ್ ಜೋಡಣೆ ಆಗಿರೋ ಅಕೌಂಟೇ ಆಗಿರ್ಬೇಕು. ಸಾಮಾನ್ಯವಾಗಿ ಮನೆ ಹೆಣ್ಮಕ್ಕಳ ಹೆಸರಿಗೇ ಮಂಜೂರಾಗೋದು, ಹಂಗಾಗಿ ಅತ್ತೆ ಹೆಸರಲ್ಲಿರೋ ಸೈಟು, ಸೊಸೆ ಹೆಸರಲ್ಲಿ ಅರ್ಜಿ ಅಂತ ಆಗಿ ಇ-ಸ್ವತ್ತಲ್ಲಿ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ಸಿಕ್ಕಾಕೊಳ್ಳೋರು ಜಾಸ್ತಿ. ಅದ್ರಲ್ಲಿ ಕೊಡೋ ಆಸ್ತಿ ದಾಖಲೆ, ನಮೂನೆ 9, 11, ಯಾರ ಹೆಸರಲ್ಲಿ ಬರುತ್ತೆ ಅಂತ ಅರ್ಜಿಗೆ ಮುಂಚೇನೇ ಮನೇಲಿ ಕೂತು ತೀರ್ಮಾನ ಮಾಡ್ಕೊಳ್ಳಿ, ಆಮೇಲೆ ಅತ್ತೆ ಸೊಸೆ ಜಗಳ ಬಿಡಿಸೋಕೆ ಯಾವ ಎಮ್ಮೆಲ್ಲೆಗೂ ಆಗಲ್ಲ.

ಶಾಲೆ

ಶಾಲೆಗೆ ದುಡ್ಡು ಬರೋ ನಲ್ಲಿಗಳು ತುಂಬಾ ಇವೆ, ಒಂದೊಂದರಲ್ಲೂ ತೊಟ್ಟಿಕ್ಕೋದಷ್ಟೇ. ಸಮಗ್ರ ಶಿಕ್ಷಣದ ಶಾಲಾ ಅನುದಾನ ಮಕ್ಕಳ ಸಂಖ್ಯೆ ಮೇಲೆ: 30 ಮಕ್ಕಳವರೆಗೆ 10 ಸಾವಿರ, 31ರಿಂದ 100ಕ್ಕೆ 25 ಸಾವಿರ, 101ರಿಂದ 250ಕ್ಕೆ 50 ಸಾವಿರ, 1000ದವರೆಗೆ 75 ಸಾವಿರ, ಅದಕ್ಕೂ ಮೇಲೆ 1 ಲಕ್ಷ. ನೋಡಿ, ನಮ್ಮ ಊರ ಶಾಲೇಲಿ 98 ಮಕ್ಕಳಿದ್ರೆ ಇನ್ನು ಮೂರು ಮಕ್ಕಳು ಸೇರಿದ್ರೆ ಅನುದಾನ ಡಬಲ್. ಇಂಗ್ಲಿಷ್ ಮೀಡಿಯಂ ವ್ಯಾನು ಹತ್ತಿಸೋ ಮುಂಚೆ ಊರ ಹಿರಿಯರು ಈ ಲೆಕ್ಕನ ಒಂದ್ಸಲ ಎಸ್‌ಡಿಎಂಸಿ ಸಭೇಲಿ ಹೇಳ್ಬೇಕು. ಆದ್ರೆ ಈ ದುಡ್ಡು ಸೀಮೆಸುಣ್ಣ, ಕರೆಂಟ್ ಬಿಲ್, ಸಣ್ಣ ರಿಪೇರಿಗೆ ಮಾತ್ರ, ಕೊಠಡಿಗಲ್ಲ.

ಕೊಠಡಿಗೆ ರಾಜ್ಯ ಬಜೆಟ್ಟಿಂದ ಆಗಾಗ ದೊಡ್ಡ ಯೋಜನೆ ಬರುತ್ತೆ. 2022-23ರಲ್ಲಿ ವಿವೇಕ ಅಂತ 7,601 ಕೊಠಡಿ ಕಟ್ಟೋ ಯೋಜನೆ ಬಂತು, ಬಣ್ಣ ಕೇಸರಿನಾ ಬೇರೆನಾ ಅಂತ ರಾಜ್ಯವೆಲ್ಲ ವಾರಗಟ್ಲೆ ಜಗಳ ಆಡ್ತು, ನಮ್ಮ ತಾಲ್ಲೂಕಿಗೆ ಎಷ್ಟು ಬಂತು ಅಂತ ಕೇಳಿದೋರು ಕಮ್ಮಿ. ಇಂಥ ಯೋಜನೆ ಬಂದಾಗ ಕ್ಷೇತ್ರಕ್ಕೆ ಇಷ್ಟು ಅಂತ ಪಟ್ಟಿ ಆಗುತ್ತೆ, ಬಿಇಒ ಕೊಟ್ಟ ಪಟ್ಟೀಲಿ ಯಾವುದು ಮೇಲೆ ಬರ್ಬೇಕು ಅಂತ ಎಮ್ಮೆಲ್ಲೆ ಹೇಳ್ತಾರೆ. ನಿಮ್ಮ ಶಾಲೆ ಎಸ್ಟಿಮೇಟ್ ಸಮೇತ ಆ ಪಟ್ಟೀಲಿ ಮೊದ್ಲೇ ಕೂತಿದ್ರೆ ಅವಕಾಶ, ಯೋಜನೆ ಘೋಷಣೆ ಆದ್ಮೇಲೆ ಓಡಿದ್ರೆ ಇಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಈ ಏಳು ಜಿಲ್ಲೆಯವ್ರಿಗೆ ಅದೃಷ್ಟ ಸ್ವಲ್ಪ ಜಾಸ್ತಿ, ಈ ಭಾಗಕ್ಕೆ ವಿಶೇಷ ಸ್ಥಾನ ಕೊಡೋ ಸಂವಿಧಾನದ 371ಜೆ ವಿಧಿ ಬಂದ್ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ದುಡ್ಡಿದೆ, ಅದ್ರಲ್ಲಿ ಶಿಕ್ಷಣಕ್ಕೆ ಅಕ್ಷರ ಆವಿಷ್ಕಾರ ಅಂತ ಬೇರೆ ಪಾಲು ಇಟ್ಟಿದಾರೆ, ಕ್ರಿಯಾ ಯೋಜನೆ ಹೋಗೋದು ಶಾಸಕರ ಮೂಲಕವೇ. ಮಲೆನಾಡು, ಬಯಲುಸೀಮೆ ಮಂಡಳಿಗಳೂ ಇವೆ, ಅಲ್ಲಿ ದುಡ್ಡು ಕಮ್ಮಿ, ಕೇಳೋರೂ ಕಮ್ಮಿ, ಸಣ್ಣ ಕೆಲಸಕ್ಕೆ ಟ್ರೈ ಮಾಡ್ಬಹುದು.

ಒಂದು ಗುಟ್ಟು ಹೇಳ್ತೀನಿ, ಎಮ್ಮೆಲ್ಸಿಗಳನ್ನ ಮರೀಬೇಡಿ. ವಿಧಾನ ಪರಿಷತ್ತಲ್ಲಿ 75 ಜನ ಇದಾರೆ, ಅದ್ರಲ್ಲಿ 7 ಜನ ಶಿಕ್ಷಕರ ಕ್ಷೇತ್ರದಿಂದ, 7 ಜನ ಪದವೀಧರ ಕ್ಷೇತ್ರದಿಂದ ಗೆದ್ದೋರು. ಅವ್ರಿಗೂ ಶಾಸಕರ ನಿಧಿ ಇದೆ, ಅವ್ರ ಮನೆ ಮುಂದೆ ಅಷ್ಟು ಗುಂಪು ಇರಲ್ಲ. ಪ್ರೊಜೆಕ್ಟರು, ಡೆಸ್ಕು, ಶುದ್ಧ ನೀರಿನ ಘಟಕ ಇಂಥದಕ್ಕೆ ಶಿಕ್ಷಕರ ಕ್ಷೇತ್ರದ ಎಮ್ಮೆಲ್ಸಿನ ನಿಮ್ಮ ಹೈಸ್ಕೂಲ್ ಮೇಷ್ಟ್ರ ಜೊತೆ ಹೋಗಿ ಕೇಳಿ. ಮೇಷ್ಟ್ರು ಅವ್ರಿಗೆ ವೋಟರ್ ಅಲ್ವಾ.

ಶಾಲೆ ಜಾಗದ ದಾಖಲೆ ನೋಡ್ಕೊಳ್ಳಿ, ಇದು ಬಹಳ ಮುಖ್ಯ. ಯಾವ್ದೋ ಕಾಲದಲ್ಲಿ ಊರ ಗೌಡ್ರು, ಪಟೇಲ್ರು ಬಾಯಿ ಮಾತಲ್ಲಿ ಕೊಟ್ಟ ಜಾಗ, ಪಹಣೀಲಿ ಇನ್ನೂ ಅವ್ರ ತಾತನ ಹೆಸರು, ಈಗ ಮೊಮ್ಮಕ್ಕಳು ಬೆಂಗಳೂರಿಂದ ಬಂದು ನಮ್ಮ ಜಾಗ ಅಂತಾರೆ. ಇಂಥ ಶಾಲೆಗೆ ಅನುದಾನ ಬಂದ್ರೂ ವಾಪಸ್ ಹೋಗುತ್ತೆ. ದಾನಿಗಳ ಮನೆಯವ್ರನ್ನ ಒಪ್ಪಿಸಿ ದಾನಪತ್ರ ನೋಂದಣಿ ಮಾಡಿಸಿ, ಇ-ಸ್ವತ್ತು ಶಾಲೆ ಹೆಸರಿಗೆ ಮಾಡಿಸಿ. ಒಪ್ಸೋ ಕೆಲಸಕ್ಕೆ ಎಮ್ಮೆಲ್ಲೆನ ಕರೀರಿ, ಊರ ಹಬ್ಬದ ದಿನ ಎಲ್ಲರ ಮುಂದೆ ಅವ್ರು "ಅಣ್ಣಾ, ನಿಮ್ಮ ತಾತನ ಹೆಸರನ್ನೇ ಕೊಠಡಿಗೆ ಇಡೋಣ" ಅಂದ್ರೆ ಬೇಡ ಅನ್ನೋರು ಕಮ್ಮಿ.

ಎಮ್ಮೆಲ್ಲೆಯಿಂದ ಆಗ್ದೇ ಇರೋದೂ ಇದೆ. ಟೀಚರ್ ನೇಮಕ ಅವ್ರ ಕೈಲಿಲ್ಲ, ವರ್ಗಾವಣೆಗೆ 2020ರ ಕಾಯ್ದೆ ಇದೆ, ಕೌನ್ಸೆಲಿಂಗ್ ಮೂಲಕ ಆಗುತ್ತೆ. ಗಣಿತದ ಮೇಷ್ಟ್ರು ಇಲ್ಲ ಅಂದ್ರೆ ಅತಿಥಿ ಶಿಕ್ಷಕರನ್ನ ಜೂನಲ್ಲೇ ಕೊಡಿ ಅಂತ ಬಿಇಒ ಮೇಲೆ ಒತ್ತಡ ಹಾಕಿಸ್ಬಹುದು, ಅಷ್ಟೇ. ಸೆಪ್ಟೆಂಬರಲ್ಲಿ ಬಂದ ಅತಿಥಿ ಶಿಕ್ಷಕರಿಂದ ಹತ್ತನೇ ಕ್ಲಾಸಿನ ಮಕ್ಕಳಿಗೆ ಏನು ಪ್ರಯೋಜನ ಹೇಳಿ.

ಸಮುದಾಯ ಭವನ, ಲೈಬ್ರರಿ, ಸ್ಮಶಾನ

ಎಲ್ಲಾ ಊರಲ್ಲೂ ಎಲ್ಲಾ ಜಾತಿಯವ್ರೂ ಕೇಳೋದು ಸಮುದಾಯ ಭವನ. ಅಂಬೇಡ್ಕರ್ ಭವನ, ವಾಲ್ಮೀಕಿ ಭವನ, ಕನಕ ಭವನ, ಇವಕ್ಕೆ ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಗಳಿಂದ ಅನುದಾನ ಬರುತ್ತೆ, ಎಮ್ಮೆಲ್ಲೆ ಪತ್ರ ಬೇಕು, ಜಾಗದ ದಾಖಲೆ ಬೇಕು, ಕಂತಲ್ಲಿ ದುಡ್ಡು ಬರುತ್ತೆ. ಭೂಮಿಪೂಜೆ ಫೋಟೋ ಚೆನ್ನಾಗಿ ಬರೋದ್ರಿಂದ ಎಮ್ಮೆಲ್ಲೆಗಳಿಗೂ ಇದು ಇಷ್ಟ. ನನ್ನ ಅಭಿಪ್ರಾಯ ಕೇಳಿದ್ರೆ ಇದ್ರಲ್ಲಿ ಅರ್ಧದಷ್ಟು ಬೇಡವೇ ಬೇಡ. ಮೊದಲ ಕಂತಲ್ಲಿ ಪಿಲ್ಲರ್ ಎದ್ದು, ಎರಡನೇ ಕಂತು ಬರದೇ ಕಬ್ಬಿಣ ತುಕ್ಕು ಹಿಡಿದು ನಿಂತಿರೋ ಭವನಗಳು ರೋಡ್ ಪಕ್ಕ ಎಷ್ಟು ಬೇಕು ನಿಮಗೆ. ಮುಗಿದಿದ್ದೂ ಅಷ್ಟೇ, ಕರೆಂಟ್ ಬಿಲ್ ಯಾರು ಕಟ್ಟೋದು, ಬೀಗದ ಕೈ ಯಾರ ಹತ್ರ, ಬಾಡಿಗೆ ದುಡ್ಡು ಯಾವ ಅಕೌಂಟಿಗೆ ಅಂತ ತೀರ್ಮಾನ ಆಗಿರಲ್ಲ, ಎರಡು ವರ್ಷಕ್ಕೆ ಹುಲ್ಲಿನ ಕಣಜ ಆಗುತ್ತೆ. ಕೇಳೋ ಮುಂಚೆ ಇದನ್ನ ಊರಲ್ಲಿ ಬರೆದು ಸಹಿ ಹಾಕ್ಕೊಳ್ಳಿ. ಯಾವ್ದಾದ್ರೂ ಹಳೇ ಅರ್ಧ ಭವನ ಇದ್ರೆ ಹೊಸದನ್ನ ಕೇಳ್ಬೇಡಿ, ಅದನ್ನ ಮುಗಿಸೋಕೆ ಶಾಸಕರ ನಿಧೀಲಿ ಐದಾರು ಲಕ್ಷ ಕೇಳಿ, ಕೊಡೋ ಸಾಧ್ಯತೆ ಜಾಸ್ತಿ.

ಅದಕ್ಕಿಂತ ಊರಿಗೆ ಬೇಕಾಗಿರೋದು ಎಷ್ಟೋ ಸಲ ಸ್ಮಶಾನದ ಜಾಗ. ದಲಿತರ ಕೇರಿಯಲ್ಲಿ ಯಾರಾದ್ರೂ ತೀರ್ಕೊಂಡ್ರೆ ಹೆಣ ಹೊತ್ಕೊಂಡು ಯಾರ ಹೊಲ ದಾಟೋದು ಅಂತ ಇವತ್ತಿಗೂ ಗಲಾಟೆ ಆಗೋ ಊರುಗಳಿವೆ. ಇದಕ್ಕೂ ಅದೇ ಸೆಕ್ಷನ್ 71, ಸರ್ಕಾರಿ ಜಾಗ ಕಾಯ್ದಿರಿಸ್ಬೇಕು, ಜೊತೆಗೆ ದಾರಿ ಗುರುತು ಮಾಡಿಸ್ಬೇಕು, ದಾರಿ ಇಲ್ಲದ ಸ್ಮಶಾನ ಕಾಗದದಲ್ಲಿ ಮಾತ್ರ. ಭೂಮಿಪೂಜೆ ಇಲ್ಲ, ಫೋಟೋ ಇಲ್ಲ ಅಂತ ಇದಕ್ಕೆ ಯಾರೂ ತಲೆ ಹಾಕಲ್ಲ, ನೀವೇ ಬೆನ್ನು ಬೀಳ್ಬೇಕು. ಪಂಚಾಯ್ತಿ ಲೈಬ್ರರಿಗಳು ಈಗ ಅರಿವು ಕೇಂದ್ರ ಆಗಿವೆ, ಅಲ್ಲಿ ಕಂಪ್ಯೂಟರ್, ಸ್ಪರ್ಧಾತ್ಮಕ ಪರೀಕ್ಷೆ ಪುಸ್ತಕ ಕೇಳಿದ್ರೆ ಸಣ್ಣ ಮೊತ್ತದಲ್ಲೇ ಆಗುತ್ತೆ. ದೇವಸ್ಥಾನದ ರಿಪೇರಿಗೆ ಮುಜರಾಯಿ ಇಲಾಖೆ ಆರಾಧನಾ ಯೋಜನೆ ಇದೆ, ಅಲ್ಲಿ ವಿಚಾರಿಸಿ.

ಕೆಡಿಪಿ ಮತ್ತು ಸದನ

ತಾಲ್ಲೂಕು ಕೆಡಿಪಿ ಸಭೆ ಮೂರು ತಿಂಗಳಿಗೊಮ್ಮೆ ನಡೀಬೇಕು. ತಹಶೀಲ್ದಾರ್, ತಾಲ್ಲೂಕು ಪಂಚಾಯ್ತಿ ಇಒ, ಬಿಇಒ, ಇಂಜಿನಿಯರ್ ಎಲ್ಲ ಒಂದೇ ಕಡೆ ಕೂತು ಎಮ್ಮೆಲ್ಲೆಗೆ ಉತ್ತರ ಹೇಳ್ಬೇಕಾಗಿರೋ ಜಾಗ ಇದೊಂದೇ. ಅದಕ್ಕೆ ಒಂದು ವಾರ ಮುಂಚೆ ಪಿಎಗೆ ನಾಲ್ಕು ಸಾಲಿನ ಚೀಟಿ ಕೊಡಿ, "ಇಂಥ ಶಾಲೆ ಕಾಮಗಾರಿ ಹತ್ತು ತಿಂಗಳಿಂದ ನಿಂತಿದೆ, ಡಿಸಿ ಆದೇಶ ಸಂಖ್ಯೆ ಇದು, ಕಾರಣ ಕೇಳಿ." ಅಂಕಿ ಸಮೇತ ಪ್ರಶ್ನೆ ಕೈಗಿಟ್ರೆ ಎಮ್ಮೆಲ್ಲೆಗಳೂ ಖುಷಿಯಾಗಿ ಕೇಳ್ತಾರೆ, ಅಧಿಕಾರಿಗಳ ಮುಂದೆ ಅವ್ರಿಗೂ ಒಂದು ತೂಕ ಬರುತ್ತೆ.

ಸದನದ್ದು ಇನ್ನೂ ಸುಲಭ, ಆದ್ರೆ ಯಾರೂ ಮಾಡಲ್ಲ. ಚುಕ್ಕೆ ಗುರುತಿಲ್ಲದ ಪ್ರಶ್ನೆ ಅಂತ ಇರುತ್ತೆ, ಸದನದಲ್ಲಿ ಎದ್ದು ಮಾತಾಡ್ಬೇಕಿಲ್ಲ, ಸರ್ಕಾರ ಲಿಖಿತ ಉತ್ತರ ಕೊಡುತ್ತೆ. "ನಮ್ಮ ತಾಲ್ಲೂಕಿನಲ್ಲಿ ಶಿಥಿಲ ಕೊಠಡಿ ಎಷ್ಟು, ಶಾಲಾವಾರು ವಿವರ ಕೊಡುವುದು, ದುರಸ್ತಿಗೆ ಕಳೆದ ಮೂರು ವರ್ಷದಲ್ಲಿ ಬಿಡುಗಡೆ ಮಾಡಿದ ಅನುದಾನ ಎಷ್ಟು" ಅಂತ ಒಂದು ಪ್ರಶ್ನೆ ಹಾಕ್ಸಿದ್ರೆ ಬಿಇಒ ಆಫೀಸು ಓಡಾಡಿ ಪಟ್ಟಿ ಮಾಡುತ್ತೆ. ಆ ಪಟ್ಟೀಲಿ ನಿಮ್ಮ ಶಾಲೆ ಹೆಸರು ಬಂದ್ರೆ ಆಮೇಲೆ "ಶಿಥಿಲ ಅಲ್ಲ" ಅಂತ ಯಾರೂ ಹೇಳಕ್ಕಾಗಲ್ಲ. ಬಜೆಟ್ ಅಧಿವೇಶನ ವರ್ಷದ ಶುರುವಲ್ಲಿ, ಬೆಳಗಾವಿ ಅಧಿವೇಶನ ಸಾಮಾನ್ಯವಾಗಿ ಡಿಸೆಂಬರಲ್ಲಿ, ಪ್ರಶ್ನೆನ ಒಂದು ತಿಂಗಳು ಮುಂಚೆ ಕೊಟ್ಬಿಡಿ. ಮಂತ್ರಿಗಳು ಉತ್ತರದಲ್ಲಿ ಮಾಡಿಕೊಡ್ತೀವಿ ಅಂತ ಹೇಳಿದ್ರೆ ಅದು ಭರವಸೆ, ಅದನ್ನ ಬೆನ್ನು ಹತ್ತೋಕೆ ಸದನದಲ್ಲಿ ಭರವಸೆಗಳ ಸಮಿತಿ ಅಂತಲೇ ಇದೆ.

ಹಿಂದೆ ಬೀಳೋದು

ಮಂಜೂರಾತಿ ಆದೇಶ ಬಂದ್ಮೇಲೆ ಕಾಪಿ ತಗೊಳ್ಳಿ, ಕೊಡ್ದಿದ್ರೆ 10 ರೂಪಾಯಿ ಆರ್‌ಟಿಐ ಅರ್ಜಿ, 30 ದಿನದಲ್ಲಿ ಉತ್ತರ ಕೊಡ್ಬೇಕು. ಕೆಲಸ ನಡೀವಾಗ ಎಸ್ಟಿಮೇಟ್ ಕಾಪಿ ಹಿಡ್ಕೊಂಡು ಒಬ್ರಾದ್ರೂ ಹೋಗಿ ನಿಲ್ಲಿ, ಕಂಬಿ ಎಷ್ಟು ಎಂಎಂ ಬರೆದಿದೆ, ಹಾಕ್ತಿರೋದು ಎಷ್ಟು ಅಂತ ಊರಲ್ಲಿರೋ ಗಾರೆ ಮೇಸ್ತ್ರಿಗೇ ತೋರಿಸಿ, ಅವ್ನಿಗೆ ಒಂದು ನೋಟದಲ್ಲಿ ಗೊತ್ತಾಗುತ್ತೆ. ಕಂಟ್ರಾಕ್ಟರ್ ಎಮ್ಮೆಲ್ಲೆ ಕಡೆಯವ್ನೇ ಆಗಿದ್ರೆ ಕಷ್ಟ, ಆಗ ಜಗಳಕ್ಕೆ ಹೋಗ್ದೇ ಫೋಟೋ ತೆಗೆದು ತಾರೀಖು ಹಾಕಿ ಎಇಇಗೆ (ಸಹಾಯಕ ಕಾರ್ಯಪಾಲಕ ಇಂಜಿನಿಯರ್) ಲಿಖಿತವಾಗಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಬಿಲ್ಲಿಗೆ ಸಹಿ ಹಾಕೋನು ಅವ್ನು, ನಾಳೆ ತನಿಖೆ ಬಂದ್ರೆ ಸಿಕ್ಕಾಕೊಳ್ಳೋನೂ ಅವ್ನೇ, ಅವ್ನಿಗೆ ಆ ಕಾಗದದ ಬೆಲೆ ಗೊತ್ತು. ಯಾರೂ ಕೇಳಲ್ಲ ಅಂದ್ರೆ 1902ಕ್ಕೆ ಫೋನ್ ಮಾಡಿ ಜನಸ್ಪಂದನದಲ್ಲಿ ದೂರು ದಾಖಲಿಸಿ, ನಂಬರ್ ಇಟ್ಕೊಳ್ಳಿ.

ಚುನಾವಣೆ ಹತ್ರ ಬಂದ್ರೆ ಲೆಕ್ಕ ಬದಲಾಗುತ್ತೆ. ನೀತಿ ಸಂಹಿತೆ ಬಂದ್ಮೇಲೆ ಹೊಸ ಕೆಲಸ ಶುರು ಮಾಡೋ ಹಂಗಿಲ್ಲ, ಹಂಗಾಗಿ ಆ ವರ್ಷ ಆದೇಶ ಮತ್ತು ಟೆಂಡರ್ ಬೇಗ ಮುಗಿಸ್ಕೊಳ್ಳಿ. ಎಮ್ಮೆಲ್ಲೆ ಸೋತು ಬೇರೆಯವ್ರು ಬಂದ್ರೆ, ಹಳೆಯವ್ರು ಬರೀ ಶಿಫಾರಸು ಪತ್ರ ಕೊಟ್ಟಿದ್ದು ಡಿಸಿ ಮಂಜೂರಾತಿ ಆಗಿಲ್ಲ ಅಂದ್ರೆ ಅದು ಹೋಯ್ತು ಅಂದ್ಕೊಳ್ಳಿ, ಮಂಜೂರಾತಿ ಆಗಿದ್ರೆ ಕೆಲಸ ಮುಂದುವರೀಬೇಕು. ಹೊಸಬ್ರ ಹತ್ರ ಹಾರ ಹಾಕಕ್ಕೆ ಹೋದ ದಿನ ಹಳೇ ಎಮ್ಮೆಲ್ಲೆ ಹೆಸರು ಎತ್ಬೇಡಿ, ಡಿಸಿ ಆದೇಶದ ಕಾಪಿ ಕೊಟ್ಟು "ಸಾರ್, ಇದನ್ನ ನೀವೇ ಉದ್ಘಾಟನೆ ಮಾಡ್ಬೇಕು, ತಾರೀಖು ಕೊಡಿ" ಅಂತ ಕೇಳಿ.